ಗಾಳಿ ತೆಗೆಯುವ ಪಂಪು

ನಿವೃತ್ತಿಯಾದ ಮೇಲೆ ಮನುಷ್ಯ ಏನಾದರೊಂದನ್ನು ಹಚ್ಚಿಕೊಳ್ಳದೆ ವಿಧಿಯಿಲ್ಲ. ನನ್ನ ಜೊತೆಯ ಉಪಾಧ್ಯಾಯರಲ್ಲಿ ಒಬ್ಬರು ಅಡಕೆ ಸಸಿ ಇಟ್ಟರು. ಒಬ್ಬರು ಕಾಶಿಗೆ ಹೋಗಿಬಂದು, ಅಂದಿನಿಂದ ಕಂಡವರಿಗೆಲ್ಲ ಕಾಶಿಯ ವಿಷಯವನ್ನೇ ಹೇಳುತ್ತಿದ್ದಾರೆ. ಇನ್ನೊಬ್ಬರು ಸಕ್ಕರೆ ಕಾಯಿಲೆ ತಂದುಕೊಂಡು ಅದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದಾರೆ. ನಾನು ಒಂದು ಹಳೆಯ ಪಂಪು ಕೊಂಡೆ.

ನೀರೆತ್ತುವ ಪಂಪಾಗಿದ್ದರೆ ನಮ್ಮ ಶಿವನಿಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾನು ಕೊಂಡದ್ದು ಗಾಳಿ ತೆಗೆಯುವ ಪಂಪು. ಬೀರೂರಿನಲ್ಲಿ ಫ್ರಿಜ್ಜು ರಿಪೇರಿ ಮಾಡುವವರೊಬ್ಬರು ಹೊಸದನ್ನು ತಂದು ಇದನ್ನು ಮೂಲೆಗೆ ಹಾಕಿದ್ದರು. ಫ್ರಿಜ್ಜಿಗೆ ಗ್ಯಾಸು ತುಂಬುವ ಮೊದಲು ಅದರ ಕೊಳವೆಗಳೊಳಗಿನ ಗಾಳಿಯನ್ನೂ ತೇವವನ್ನೂ ತೆಗೆಯಬೇಕಂತೆ. ಇಲ್ಲದಿದ್ದರೆ ತೇವ ಒಳಗೇ ಹೆಪ್ಪುಗಟ್ಟಿ ದಾರಿ ಕಟ್ಟುತ್ತದಂತೆ. ೨,೮೦೦ ರೂಪಾಯಿ ಕೊಟ್ಟು, ಸುಮಾರು ೧೦ ಕೆ.ಜಿ. ತೂಗುವ ಆ ವಸ್ತುವನ್ನು ಗೋಣಿತಾಟಿನಲ್ಲಿ ಸುತ್ತಿ ರೈಲಿಗೆ ಹತ್ತಿಸಿದೆ. ಅಜ್ಜಂಪುರ ದಾಟುವಷ್ಟರಲ್ಲಿ ಎದುರಿಗೆ ಕೂತಿದ್ದ ರೈತರೊಬ್ಬರು ವಿಚಾರಣೆ ಆರಂಭಿಸಿದರು.

"ಬೋರಿಗಾ ಮೇಷ್ಟ್ರೇ?"

"ಅಲ್ಲ, ಇದು ನೀರೆತ್ತುವುದಿಲ್ಲ. ಗಾಳಿ ತೆಗೆಯುತ್ತದೆ."

"ತೆಗೆದು ಎಲ್ಲಿಗೆ ಬಿಡ್ತದೆ?"

"ಹೊರಕ್ಕೆ."

"ಹೊರಗೆ ಬೇಕಾದಷ್ಟು ಐತಲ್ಲ," ಎಂದು ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡತೊಡಗಿದರು.

ಮನೆಯಲ್ಲಿ ನನ್ನಾಕೆ ಇಷ್ಟು ಸುಲಭವಾಗಿ ಬಿಡಲಿಲ್ಲ. ಪಾತ್ರೆಯೊಳಗಿನ ಗಾಳಿಯನ್ನು ತೆಗೆದು ಏನೂ ಇಲ್ಲದಂತೆ ಮಾಡುವುದೇ ಇದರ ಕೆಲಸವೆಂದು ವಿವರಿಸಿದೆ. "ಇದ್ದದ್ದನ್ನು ಖಾಲಿ ಮಾಡುವುದಕ್ಕೆ ಮಷೀನು ಯಾಕೆ ಬೇಕಿತ್ತು? ತಿಂಗಳ ಕೊನೆಯಲ್ಲಿ ನಿಮ್ಮ ಪೆನ್ಶನ್ನು ಅದನ್ನೇ ಅಲ್ಲವೇ ಮಾಡುವುದು?" ಎಂದಳು. ಈ ಮಾತಿಗೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

ಆದರೆ ಪಂಪನ್ನು ಕೊಂಡದ್ದು ಹೊತ್ತು ಕಳೆಯುವುದಕ್ಕಲ್ಲ. ಅದೊಂದು ಹಳೆಯ ಸಾಲ. ಅದನ್ನು ಆಕೆಗೂ ಹೇಳಿರಲಿಲ್ಲ.

೧೯೮೮ರ ಮಾತು. ನನಗೆ ಇಪ್ಪತ್ತಾರು ವರ್ಷ. ನಮ್ಮ ಸೀಮೆಯ ಒಂದು ಹೈಸ್ಕೂಲಿನಲ್ಲಿ ಹೊಸದಾಗಿ ಸೇರಿದ್ದೆ. ಒಂಬತ್ತನೆಯ ತರಗತಿಗೆ ಶಬ್ದದ ಪಾಠ. ಶಬ್ದ ಹರಿಯುವುದಕ್ಕೆ ಗಾಳಿಯೋ ನೀರೋ ಕಬ್ಬಿಣವೋ ಏನಾದರೊಂದು ಬೇಕು, ನಿರ್ವಾತದಲ್ಲಿ ಅದು ಹರಿಯದು ಎಂದು ಹೇಳಬೇಕಾಗಿತ್ತು. "ನಿರ್ವಾತ" ಎಂದೊಡನೆ ಹಿಂದಿನ ಬೆಂಚಿನಿಂದ, "ಅದರಿಂದ ನಮ್ಮಜ್ಜಿ ಮಂಡಿನೋವು ಹೋಗ್ತದಾ ಸಾರ್?" ಎಂಬ ಪ್ರಶ್ನೆ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಪ್ಪು ಹಲಗೆಯ ಮೇಲೆ ಗಾಜಿನ ಗಂಟೆಯಾಕಾರದ ಪಾತ್ರೆ ಬರೆದೆ. ಅದರೊಳಗೊಂದು ವಿದ್ಯುತ್ ಗಂಟೆ ಬರೆದೆ. ಕೆಳಗಿನಿಂದ ಒಂದು ಕೊಳವೆ ಎಳೆದು ಅದರ ತುದಿಗೆ "ಪಂಪಿಗೆ" ಎಂದು ಬಾಣ ಹಾಕಿದೆ. ಗಾಳಿ ತೆಗೆಯುತ್ತ ಹೋದಂತೆ ಸದ್ದು ಕುಗ್ಗುತ್ತದೆ, ಕೊನೆಗೆ ಗಂಟೆ ಬಡಿಯುತ್ತಿರುವುದು ಕಾಣುತ್ತದೆಯೇ ಹೊರತು ಸದ್ದು ಕೇಳಿಸುವುದಿಲ್ಲ ಎಂದೆ. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ಮುಖದಲ್ಲಿ ತುಂಟತನವಿರಲಿಲ್ಲ.

"ನೀವು ನೋಡಿದ್ದೀರಾ ಸಾರ್?"

"ನೋಡಿದ್ದೀನಿ, ಕೂತುಕೋ," ಎಂದೆ.

ನಾನು ನೋಡಿರಲಿಲ್ಲ. ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯ ಬೀರುವಿನಲ್ಲಿ ಅಂಥದೊಂದು ಗಾಜಿನ ಪಾತ್ರೆ ಇದ್ದುದನ್ನು ಕಂಡಿದ್ದೆ. ಬೀರುವಿನ ಬೀಗ ತೆಗೆದದ್ದನ್ನು ಮಾತ್ರ ಕಂಡಿರಲಿಲ್ಲ. ಆ ಪಾಠವನ್ನು ಮತ್ತೆ ಮೂವತ್ತಕ್ಕೂ ಹೆಚ್ಚು ಸಲ ಮಾಡಿದೆ. ನನ್ನ ಚಿತ್ರ ವರ್ಷದಿಂದ ವರ್ಷಕ್ಕೆ ಅಂದವಾಗುತ್ತ ಹೋಯಿತು. ಎಚ್. ನರಸಿಂಹಯ್ಯನವರ ಹೆಸರು ಹೇಳಿ, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂದು ಮಕ್ಕಳಿಗೆ ಉಪದೇಶಿಸಿದವನೂ ನಾನೇ. ಪ್ರಶ್ನಿಸಿದ ಒಬ್ಬ ಹುಡುಗನನ್ನು ಒಂದು ಸುಳ್ಳಿನಿಂದ ಕೂರಿಸಿದವನೂ ನಾನೇ. ಹೇಳಿದ ವಿಷಯ ಸುಳ್ಳಲ್ಲ, ನಿಜ, ನೋಡಿದ್ದೇನೆಂದದ್ದು ಸುಳ್ಳು. ಎರಡರ ನಡುವಿನ ಅಂತರ ಸಣ್ಣದೆಂದು ತಿಳಿದವರು ಉಪಾಧ್ಯಾಯ ವೃತ್ತಿ ಮಾಡಿಲ್ಲ.

ಪಂಪನ್ನು ಹಿತ್ತಲ ಪಡಸಾಲೆಯಲ್ಲಿಟ್ಟು ಸ್ವಿಚ್ಚು ಒತ್ತಿದೆ. ಗುಂಯ್ ಎಂದಿತು, ತಿರುಗಲಿಲ್ಲ. ಎರಡು ದಿನ ಅದರ ಮುಂದೆ ಕೂತು, ಮೂರನೆಯ ದಿನ ಪಂಪ್‌ಸೆಟ್ಟುಗಳ ಮೋಟಾರು ಕಟ್ಟುವವನಿಗೆ ಹೇಳಿಕಳಿಸಿದೆ. ಸುತ್ತಿನ ಹತ್ತು ಹಳ್ಳಿಯ ಮೋಟಾರುಗಳ ವೈಂಡಿಂಗ್ ಅವನದೇ. ಬಂದು ನಿಂತವನ ಗಡ್ಡ ನರೆತಿತ್ತು. ಆದರೂ ಗುರುತು ಹತ್ತಿತು. ಮೂರನೆಯ ಸಾಲಿನ ಹುಡುಗ.

ಅವನು ಒಂದು ತಿರುಪು ಬಿಚ್ಚಿ, "ಕಂಡೆನ್ಸರ್ ಹೋಗಿದೆ ಮೇಷ್ಟ್ರೇ," ಎಂದ. ಹೊಸ ಕಂಡೆನ್ಸರ್ ಹಾಕಿದೊಡನೆ ಮೋಟಾರು ತಿರುಗಿತು. ಒಳಗಿನ ಎಣ್ಣೆ ತೆಗೆದರೆ ಮಸಿಯಂತೆ ಇಳಿಯಿತು. ಈ ಪಂಪಿನಲ್ಲಿ ಎಣ್ಣೆಯೇ ಜೀವ. ಉಕ್ಕಿನ ಗೂಡಿನಲ್ಲಿ ಒಂದು ಉರುಳೆ ಒಂದು ಬದಿಗೆ ಸರಿದು ತಿರುಗುತ್ತದೆ. ಅದರ ಸೀಳುಗಳಲ್ಲಿ ಕೂತ ತೆಳು ಹಲಗೆಗಳು ಗೂಡಿನ ಗೋಡೆಯನ್ನು ಸವರುತ್ತ ಒಂದು ಕಡೆಯಿಂದ ಗಾಳಿಯನ್ನು ಬಾಚಿ ಇನ್ನೊಂದು ಕಡೆಗೆ ನೂಕುತ್ತವೆ. ಹಲಗೆಗೂ ಗೋಡೆಗೂ ನಡುವಿನ ಕೂದಲೆಳೆಯ ಸಂದನ್ನು ಮುಚ್ಚುವುದು ಎಣ್ಣೆ. ಗಾಡಿಗಳಿಗೆ ಹಾಕುವ ಎಣ್ಣೆ ಇದಕ್ಕೆ ಆಗದು. ಅದರಲ್ಲಿ ಬೆರೆತ ಮದ್ದುಗಳು ತಾವೇ ಆವಿಯಾಗಿ, ತೆಗೆದ ಗಾಳಿಯ ಜಾಗಕ್ಕೆ ಬಂದು ಕೂರುತ್ತವೆ. ಪಂಪಿನದೇ ಎಣ್ಣೆ ತರಿಸಿ, ಎರಡು ಸಲ ತೊಳೆದು ಚೆಲ್ಲಿ, ಮೂರನೆಯ ಸಲ ಗಾಜಿನ ಕಿಂಡಿಯ ಗೆರೆಯವರೆಗೆ ತುಂಬಿದೆವು.

ಇನ್ನು ಪಾತ್ರೆ. ನನ್ನ ಚಿತ್ರದಲ್ಲಿದ್ದದ್ದು ಗಾಜು. ಆದ್ದರಿಂದ ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿಯನ್ನು ಆರಿಸಿ ತೊಳೆದಿಟ್ಟಿದ್ದೆ. ಅವನು ಅದನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ತಡೆಯಲ್ಲ ಮೇಷ್ಟ್ರೇ," ಎಂದ. ನಾನು ಲೆಕ್ಕ ಹಾಕಿದೆ. ಅವನು ಹೇಳಿದ್ದೇ ಸರಿ. ಇಂಥ ಕೆಲಸಕ್ಕೆಂದು ಮಾಡಿರದ ಗಾಜು ಒಳಕ್ಕೆ ಕುಸಿದು ಚೂರಾಗುತ್ತದೆ. ಆ ಚೂರುಗಳು ಎದುರಿನ ಗೋಡೆಯನ್ನೂ ನಮ್ಮ ಕಣ್ಣನ್ನೂ ಹುಡುಕಿಕೊಂಡು ಬರುತ್ತವೆ. ಗಾಜನ್ನು ಕೈಬಿಟ್ಟು, ನನ್ನಾಕೆ ಬಳಸದೆ ಅಟ್ಟಕ್ಕೆ ಹಾಕಿದ್ದ ದಪ್ಪ ಅಲ್ಯೂಮಿನಿಯಂ ಕುಕ್ಕರನ್ನು ಇಳಿಸಿದೆ. ಮುಚ್ಚಳಕ್ಕೆ ೨೦ ಮಿಲಿಮೀಟರು ದಪ್ಪದ ಅಕ್ರಿಲಿಕ್ ಹಲಗೆ. ಅದರಲ್ಲಿ ಎರಡು ತೂತು. ಒಂದಕ್ಕೆ ಪಂಪಿನ ಪೈಪೂ ವಾಲ್ವೂ, ಇನ್ನೊಂದಕ್ಕೆ ಒತ್ತಡ ತೋರಿಸುವ ಮೀಟರು ಮತ್ತು ಗಾಳಿ ಬಿಡುವ ಸಣ್ಣ ನಲ್ಲಿ. ಕುಕ್ಕರಿನ ಬಾಯಿಗೂ ಹಲಗೆಗೂ ನಡುವೆ ಟ್ಯೂಬಿನಿಂದ ಕತ್ತರಿಸಿದ ರಬ್ಬರು.

ಮುಚ್ಚಳಕ್ಕೆ ಬೀಗವಿಲ್ಲ, ಬೋಲ್ಟಿಲ್ಲ. ಸುಮ್ಮನೆ ಇಟ್ಟದ್ದು. ಪಂಪು ಹಾಕಿ ಕಾಲು ನಿಮಿಷವಾಗುವುದರೊಳಗೆ ಅದು ಕುಕ್ಕರಿನ ಅಂಗವೇ ಆಗಿಹೋಯಿತು. ನಾವಿಬ್ಬರೂ ಸೇರಿ ಎಳೆದರೂ ಜಗ್ಗಲಿಲ್ಲ. ಬಾಯಿಯ ಅಗಲ ೨೨ ಸೆಂಟಿಮೀಟರು. ನಮ್ಮೂರಿನ ಗಾಳಿ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಒಂದು ಕೆ.ಜಿ.ಗೆ ಸ್ವಲ್ಪ ಕಡಿಮೆ ಭಾರ ಹೇರುತ್ತದೆ. ಒಟ್ಟು ಸುಮಾರು ೩೬೦ ಕೆ.ಜಿ. ಐವತ್ತು ಕೆ.ಜಿ.ಯ ಈರುಳ್ಳಿ ಮೂಟೆ ಏಳನ್ನು ಆ ಹಲಗೆಯ ಮೇಲೆ ಒಟ್ಟಿದಂತೆ. ೧೬೫೭ರಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗಿನ ಮೇಯರಾಗಿದ್ದ ಆಟೋ ಫಾನ್ ಗೆರಿಕೆ ಎರಡು ತಾಮ್ರದ ಬೋಗುಣಿಗಳನ್ನು ಬಾಯಿಗೆ ಬಾಯಿ ಸೇರಿಸಿ ಗಾಳಿ ತೆಗೆದು, ಆ ಕಡೆ ಎಂಟು ಈ ಕಡೆ ಎಂಟು ಕುದುರೆ ಕಟ್ಟಿ ಎಳೆಸಿದನಂತೆ. ಗಾಳಿ ತೆಗೆಯುವ ಪಂಪನ್ನು ಮೊದಲು ಮಾಡಿದವನೂ ಅವನೇ. ಈ ಕತೆ ಹೇಳಿದಾಗ ನಮ್ಮ ಮೋಟಾರಿನವನು ನಕ್ಕು, "ಅಜ್ಜಂಪುರದ ಅಮೃತಮಹಲ್ ಎತ್ತು ಎರಡು ಜೊತೆ ತರಿಸೋಣ ಮೇಷ್ಟ್ರೇ," ಎಂದ. ನಲ್ಲಿ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಹೊಕ್ಕಿತು. ಮುಚ್ಚಳವನ್ನು ಕಿರುಬೆರಳಿನಿಂದ ಎತ್ತಿದೆ.

ಆ "ಸುಯ್" ನನಗೆ ಹಳೆಯ ನೆಂಟ. ನಮ್ಮ ತಂದೆ ಇದೇ ಶಿವನಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ನಾಗಿದ್ದರು. ಆಗಿನದು ಮೀಟರ್‌ಗೇಜು, ಗಾಡಿಗಳಿಗಿದ್ದದ್ದು ವ್ಯಾಕ್ಯೂಮ್ ಬ್ರೇಕು. ಡಬ್ಬಿಯಿಂದ ಡಬ್ಬಿಗೆ ದಪ್ಪ ರಬ್ಬರಿನ ಪೈಪು. ಇಂಜಿನಿನಲ್ಲಿ ಹಬೆಯ ರಭಸದಿಂದ ಆ ಪೈಪಿನ ಗಾಳಿಯನ್ನು ಸೆಳೆದು ತೆಗೆದ ಮೇಲೆಯೇ ಬ್ರೇಕು ಸಡಿಲವಾಗಿ ಗಾಡಿ ಕದಲುತ್ತಿತ್ತು. ನಿಲ್ಲಿಸಬೇಕಾದರೆ ಗಾಳಿಯನ್ನು ಒಳಕ್ಕೆ ಬಿಟ್ಟರೆ ಆಯಿತು. ಹೊರಗಿನ ಒತ್ತಡ ಒಳನುಗ್ಗಿ ಬ್ರೇಕು ಬಿಗಿಯುತ್ತಿತ್ತು. ಪೈಪು ಹರಿದರೂ, ನಡುವೆ ಗಾಡಿ ತುಂಡಾದರೂ, ಪ್ರಯಾಣಿಕರು ಸರಪಳಿ ಎಳೆದರೂ ಹಾಗೆಯೇ. "ಗಾಡಿ ನಿಲ್ಲಿಸೋದು ಇಂಜಿನ್ನಲ್ಲ ಕಣೋ, ಬಯಲಲ್ಲಿರೋ ಗಾಳಿ," ಎನ್ನುತ್ತಿದ್ದರು ತಂದೆ. ನಾನು ಕಾಲೇಜಿನಲ್ಲಿ ಓದಿದ್ದರ ಸಾರವೆಲ್ಲ ಆ ಮಾತಿನಲ್ಲಿದೆ. ೧೯೯೦ರ ದಶಕದಲ್ಲಿ ನಮ್ಮ ಹಾದಿಗೆ ಬ್ರಾಡ್‌ಗೇಜು ಬಂತು. ಈಗಿನ ಗಾಡಿಗಳಿಗೆ ಒತ್ತಿ ತುಂಬಿದ ಗಾಳಿಯ ಬ್ರೇಕು. ಹಬೆಯೂ ಇಲ್ಲ, ತಂದೆಯೂ ಇಲ್ಲ.

ಮೊದಲ ದಿನ ಮೀಟರಿನ ಮುಳ್ಳು ಹದಿನೆಂಟು ಅಂಗುಲದಲ್ಲಿ ನಿಂತುಬಿಟ್ಟಿತು. ಪಂಪು ನಿಲ್ಲಿಸಿದರೆ ಗಳಿಗೆಯಲ್ಲಿ ಸೊನ್ನೆಗೆ ಬರುತ್ತಿತ್ತು. ಎಲ್ಲೋ ಸೋರುತ್ತಿದೆ. ನೀರು ಹೊರಕ್ಕೆ ಸೋರಿದರೆ ನೆಲ ಒದ್ದೆಯಾಗಿ ಗುಟ್ಟು ರಟ್ಟಾಗುತ್ತದೆ. ಗಾಳಿ ಒಳಕ್ಕೆ ಸೋರಿದರೆ ಯಾವ ಗುರುತೂ ಇಲ್ಲ. ಒಂದೊಂದು ಸಂದಿಗೂ ಗ್ರೀಸು ಹಚ್ಚುತ್ತ ಮುಳ್ಳನ್ನು ನೋಡುತ್ತ ಒಂದು ಮಧ್ಯಾಹ್ನ ಕಳೆದೆ. ಕೊನೆಗೆ ಅವನು ಪೈಪನ್ನು ಬಿಚ್ಚಿ, ಒಂದು ತುದಿ ಕಟ್ಟಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಗೆ ಸೈಕಲ್ ಪಂಪು ಹೊಡೆದ. ಪಂಕ್ಚರ್ ಅಂಗಡಿಯ ವಿದ್ಯೆ! ಸಾಲಾಗಿ ಗುಳ್ಳೆ ಎದ್ದವು. ಹೊಸ ಪೈಪು ಹಾಕಿದೆವು.

ಈಗ ಮುಳ್ಳು ಇಪ್ಪತ್ತೇಳೂವರೆಗೆ ಹೋಗಿ ನಿಂತಿತು. ಪುಸ್ತಕದ ಪ್ರಕಾರ ಮೂವತ್ತರ ಹತ್ತಿರ ಹೋಗಬೇಕು. ಮತ್ತೆ ಎರಡು ದಿನ ಸೋರುವ ಜಾಗ ಹುಡುಕಿದೆ, ಬೀರೂರಿನವರನ್ನು ಮನಸ್ಸಿನಲ್ಲಿಯೇ ಬೈದೆ. ಮೂರನೆಯ ರಾತ್ರಿ ಹಾಸಿಗೆಯಲ್ಲಿ ಹೊರಳುವಾಗ ಥಟ್ಟನೆ ಹೊಳೆಯಿತು: ಮೂವತ್ತು ಅಂಗುಲ ಸಮುದ್ರತೀರದ ಲೆಕ್ಕ! ನಾವಿರುವುದು ಏಳುನೂರು ಮೀಟರಿಗೂ ಮೇಲೆ. ಸಾವಿರ ಅಡಿ ಏರಿದರೆ ಗಾಳಿಯ ಭಾರ ಸುಮಾರು ಒಂದು ಅಂಗುಲ ಪಾದರಸದಷ್ಟು ಇಳಿಯುತ್ತದೆ. ಶಿವನಿಯಲ್ಲಿ ತೆಗೆಯಲು ಇರುವುದೇ ಅಷ್ಟು. ಇಲ್ಲದ ಎರಡು ಅಂಗುಲವನ್ನು ತೆಗೆಯಲಿಲ್ಲವೆಂದು ಪಂಪನ್ನು ದೂರಿದೆನಲ್ಲ! ತರಗತಿಯಲ್ಲಿ ಎಷ್ಟು ಹುಡುಗರನ್ನು ಹೀಗೆ ದೂರಿದ್ದೆನೋ ಎನಿಸಿತು.

ಅತ್ಯುತ್ಸಾಹದಲ್ಲಿ ಇನ್ನೊಂದು ತಪ್ಪು ಮಾಡಿದೆ. ಒಂದು ಲೋಟ ನೀರನ್ನು ಕುಕ್ಕರಿನೊಳಗಿಟ್ಟು ಪಂಪು ಹಾಕಿದೆ. ಒಲೆಯಿಲ್ಲ, ಬೆಂಕಿಯಿಲ್ಲ, ನೀರು ಕೊತಕೊತನೆ ಕುದಿಯಿತು. ಮೇಲಿನ ಭಾರ ತೆಗೆದರೆ ನೀರಿಗೆ ಕುದಿಯಲು ಕಾವು ಬೇಕಿಲ್ಲ. ತೆಗೆದು ಬೆರಳಿಟ್ಟರೆ ಮೊದಲಿಗಿಂತ ತಣ್ಣಗಿತ್ತು. ನನ್ನಾಕೆಯನ್ನು ಕರೆದು ತೋರಿಸಿದೆ. ನಿಜವಾಗಿ ಬೆರಗಾದಳು, ಮರುಕ್ಷಣವೇ, "ಇದರಲ್ಲಿ ಅಕ್ಕಿ ಬೇಯುತ್ತದೆಯೆ?" ಎಂದಳು. ಬೇಯುವುದಿಲ್ಲವೆಂದೆ. "ಮತ್ತೆ ಕುದ್ದು ಏನು ಬಂತು?" ಎಂದು ಒಳಗೆ ಹೋದಳು. ಇತ್ತ ಪಂಪಿನ ಕಿಂಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿತ್ತು. ನೀರಿನ ಹಬೆ ಪಂಪಿನೊಳಗೆ ಮತ್ತೆ ನೀರಾಗಿ ಎಣ್ಣೆಯೊಡನೆ ಕಡೆದುಹೋಗಿತ್ತು. ಹಬೆಯನ್ನು ಹೊರಹಾಕುವುದಕ್ಕೆ ಪಂಪಿನ ತಲೆಯ ಮೇಲೆ ಒಂದು ಸಣ್ಣ ತಿರುಪು ಇರುತ್ತದೆಂಬುದು ಎಣ್ಣೆ ಹಾಳಾದ ಮೇಲೆ ತಿಳಿಯಿತು. ಅದನ್ನು ಸಡಿಲಿಸಿದರೆ ಸ್ವಲ್ಪ ಹೊರಗಾಳಿ ಸೇರಿ, ಹಬೆ ನೀರಾಗುವ ಮೊದಲೇ ಅದನ್ನು ಹೊರಕ್ಕೆ ನೂಕುತ್ತದೆ. ಮತ್ತೆ ಎಣ್ಣೆಗೆ ಹಣ.

ಹೀಗೆ ತಿಂಗಳೊಂದು ಕಳೆದು, ಒಂದು ಭಾನುವಾರ ಗಂಟೆಯ ಸರದಿ ಬಂತು. ತಲೆಯ ಮೇಲೆ ಗಂಟೆಯುಳ್ಳ, ಕೀಲಿ ಕೊಡುವ ಹಳೆಯ ಅಲಾರಂ ಗಡಿಯಾರ ಮನೆಯಲ್ಲಿತ್ತು. ಮೋಟಾರಿನವನನ್ನು ಕರೆದೆ. ಅವನು ಒಂಬತ್ತನೆಯ ತರಗತಿ ಓದುವ ಮಗಳನ್ನೂ ಜೊತೆಗೆ ತಂದ. ಗಂಟೆಯನ್ನು ಒಳಗಿಡುವ ಮೊದಲು ಸಾಲದ ಮಾತು ಆಡಿಬಿಡೋಣವೆನಿಸಿತು.

"ಏನಪ್ಪಾ, ನಿನಗೆ ನೆನಪಿದೆಯೋ ಇಲ್ಲವೋ," ಎಂದು ಆರಂಭಿಸಿ, ೧೯೮೮ರ ತರಗತಿಯನ್ನೂ ಅವನ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಹೇಳಿದೆ. "ನಾನು ನೋಡಿರಲಿಲ್ಲ. ಸುಳ್ಳು ಹೇಳಿದೆ," ಎಂದೆ. ಗಂಟಲು ಸ್ವಲ್ಪ ಕಟ್ಟಿತು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಅವನು ಬಹಳ ಹೊತ್ತು ಯೋಚಿಸಿದ. "ನಾನಾ ಮೇಷ್ಟ್ರೇ? ಹಂಗೆ ಕೇಳಿದ್ನಾ? ನೆನಪೇ ಇಲ್ಲ," ಎಂದ. ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳುವವನಂತೆ, "ನನಗೆ ನೆನಪಿರೋದು ಬಾವಿ ಪಾಠ. ಪಂಪು ನೀರನ್ನ ಎಳೆಯಲ್ಲ, ಬಾವಿ ಮೇಲಿರೋ ಗಾಳಿ ತಳ್ತದೆ, ಅದಕ್ಕೇ ಮೂವತ್ತಡಿ ಆಚೆ ಏರಲ್ಲ ಅಂದಿದ್ರಿ. ಅದೊಂದರಲ್ಲಿ ಅನ್ನ ತಿಂದಿದೀನಿ. ಎಷ್ಟು ಜನಕ್ಕೆ ಮೋಟಾರನ್ನ ಬಾವಿಯೊಳಕ್ಕೆ ಇಳಿಸಿ ಕಟ್ಟೆ ಮೇಲೆ ಕೂರಿಸಿಕೊಟ್ಟಿದೀನಿ. ಬೋರು ಬಂದಮೇಲೆ ಮೋಟಾರು ತಳಕ್ಕೇ ಹೋಯ್ತು, ಅದು ಬೇರೆ," ಎಂದ.

ಹೌದು, ಆ ಪಾಠ ಮಾಡಿದ್ದೆ. ಅದಕ್ಕೆ ಚಿತ್ರ ಬರೆದಿರಲಿಲ್ಲ. ಮಕ್ಕಳನ್ನು ಶಾಲೆಯ ಹಿಂದಿನ ಬಾವಿಗೆ ಕರೆದುಕೊಂಡು ಹೋಗಿದ್ದೆ. ೧೬೪೪ರಲ್ಲಿ ಇಟಲಿಯ ಟಾರಿಚೆಲ್ಲಿ ಪಾದರಸದ ಕೊಳವೆ ಹಿಡಿದು ವಾದಿಸಿದ್ದನ್ನು, ನಾವೆಲ್ಲ ಗಾಳಿಯ ಸಮುದ್ರದ ತಳದಲ್ಲಿರುವವರೆಂಬುದನ್ನು, ಆ ಬಾವಿಯ ಕಟ್ಟೆಯ ಮೇಲೆ ಕೂತೇ ಹೇಳಿದ್ದೆ. ಮೂವತ್ತೈದು ವರ್ಷಕ್ಕೂ ಮೇಲೆ ಮುಳ್ಳಿನಂತೆ ಇಟ್ಟುಕೊಂಡದ್ದು ಅವನಿಗೆ ತಾಗಿಯೇ ಇರಲಿಲ್ಲ. ನಾನು ಮರೆತೇಬಿಟ್ಟಿದ್ದದ್ದು ಅವನ ಸಂಸಾರ ಸಾಕಿತ್ತು. ಹಗುರವೂ ಆಯಿತು, ಕೊಂಚ ಪೆಚ್ಚೂ ಆದೆ.

"ಆಯಿತು, ಈಗ ನೋಡೋಣ," ಎಂದು ಅಲಾರಂ ಐದು ನಿಮಿಷ ಮುಂದಕ್ಕೆ ಇಟ್ಟು, ಗಡಿಯಾರವನ್ನು ಕುಕ್ಕರಿನ ತಳದಲ್ಲಿ ಕೂರಿಸಿ ಮುಚ್ಚಿದೆ. ಪಂಪಿನ ಗದ್ದಲದಲ್ಲಿ ಏನೂ ಕೇಳಿಸದು. ಆದ್ದರಿಂದ ಮೂರು ನಿಮಿಷ ಪಂಪು ಓಡಿಸಿ, ಮೊದಲು ವಾಲ್ವು ಮುಚ್ಚಿ, ಆಮೇಲೆ ಮೋಟಾರು ನಿಲ್ಲಿಸಿದೆ. ಮುಳ್ಳು ಇಪ್ಪತ್ತೇಳೂವರೆಯಲ್ಲಿ ಕದಲದೆ ನಿಂತಿತ್ತು. ಕಾದೆವು. ಮುಚ್ಚಳದ ಮೂಲಕ ಗಂಟೆಯ ಸುತ್ತಿಗೆ ನಡುಗತೊಡಗಿದ್ದು ಕಂಡಿತು.

ಅವನು ತಲೆ ಬಗ್ಗಿಸಿ ಆಲಿಸಿದ. "ಕೇಳ್ತಾ ಐತಲ್ಲ ಮೇಷ್ಟ್ರೇ?"

ಕೇಳುತ್ತಿತ್ತು! ಮೊದಲಿನಷ್ಟಿಲ್ಲ, ಆದರೂ ಚೆನ್ನಾಗಿಯೇ ಕೇಳುತ್ತಿತ್ತು. ಮೂರು ದಶಕ ಮಕ್ಕಳಿಗೆ ಹೇಳಿದ ವಾಕ್ಯ ನನ್ನ ಹಿತ್ತಲಲ್ಲೇ ಸುಳ್ಳಾಗುತ್ತಿತ್ತು. ಹಿಂದಿನ ನಾನಾಗಿದ್ದರೆ, "ನಿಂತಿದೆ, ನಿನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿದೆ," ಎಂದುಬಿಡುತ್ತಿದ್ದೆನೇನೋ. "ಹೌದು, ಕೇಳುತ್ತಿದೆ. ಏಕೆಂದು ನನಗೆ ಗೊತ್ತಿಲ್ಲ," ಎಂದೆ. ಉಪಾಧ್ಯಾಯನಾದವನಿಗೆ ಈ ಎರಡು ವಾಕ್ಯ ಹೇಳುವುದು ೩೬೦ ಕೆ.ಜಿ. ಎತ್ತಿದಂತೆ, ಆದರೆ ಒಮ್ಮೆ ಹೇಳಿದ ಮೇಲೆ, ನಲ್ಲಿ ತಿರುಗಿಸಿದಂತೆ, ಕಿರುಬೆರಳು ಸಾಕು.

ಆ ಹುಡುಗಿ ಕುಕ್ಕರಿನ ಮೈಗೆ ಅಂಗೈ ಇಟ್ಟಳು. "ಇದು ನಡುಗ್ತಾ ಐತೆ ತಾತ," ಎಂದಳು.

ಅಷ್ಟೆ! ಗಡಿಯಾರದ ಕಾಲುಗಳು ಪಾತ್ರೆಯ ತಳವನ್ನು ಮುಟ್ಟಿದ್ದವು. ಗಾಳಿಯ ದಾರಿ ಕಟ್ಟಿದರೇನು, ಸದ್ದು ಅಲ್ಯೂಮಿನಿಯಮ್ಮಿನ ದಾರಿ ಹಿಡಿದಿತ್ತು. ಆಮೇಲೆ ಪುಸ್ತಕ ತೆಗೆದು ನೋಡಿದರೆ, ಈ ತಪ್ಪು ಮಾಡಿದವರಲ್ಲಿ ನಾನು ಮೊದಲಿಗನಲ್ಲ. ೧೬೫೦ರಲ್ಲಿ ಅಥನೇಸಿಯಸ್ ಕಿರ್ಚರ್ ಎಂಬ ಮಹಾಪಂಡಿತ ರೋಮಿನಲ್ಲಿ ಹಿಂದೆ ನಡೆದಿದ್ದ ಇಂಥದೇ ಗಂಟೆಯ ಪ್ರಯೋಗವನ್ನು ವಿವರಿಸಿ, ಸದ್ದು ಕೇಳಿಸಿತು, ಆದ್ದರಿಂದ ಒಳಗೆ ಶೂನ್ಯವಿಲ್ಲ ಎಂದು ತೀರ್ಮಾನಿಸಿದ್ದ. ಅಲ್ಲಿಯೂ ಗಂಟೆ ಪಾತ್ರೆಗೆ ತಗುಲಿಕೊಂಡಿತ್ತು. ಹತ್ತು ವರ್ಷದ ಮೇಲೆ, ೧೬೬೦ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಗಡಿಯಾರವನ್ನು ದಾರದಲ್ಲಿ ತೂಗುಬಿಟ್ಟು, ಅದರ ಟಿಕ್‌ಟಿಕ್ ಅಡಗಿತೆಂದು ಬರೆದ. ನಡುವೆ ಇದ್ದದ್ದು ಒಂದು ದಾರ!

ನಾವೂ ಹಾಗೆಯೇ ಮಾಡಿದೆವು. ತಳಕ್ಕೆ ದಪ್ಪ ಸ್ಪಂಜು ಹಾಸಿ, ಅದರ ಮೇಲೆ ತಂತಿಯ ಚೌಕಟ್ಟು ನಿಲ್ಲಿಸಿ, ಹುಡುಗಿಯ ಜಡೆಯ ರಬ್ಬರ್ ಬ್ಯಾಂಡಿನಿಂದ ಗಡಿಯಾರವನ್ನು ತೂಗುಹಾಕಿದೆವು. ಮತ್ತೆ ಮೂರು ನಿಮಿಷ ಪಂಪು, ಮತ್ತೆ ವಾಲ್ವು, ಮತ್ತೆ ಕಾಯುವುದು. ನನ್ನಾಕೆಯೂ ಸೆರಗಿನಲ್ಲಿ ಕೈ ಒರೆಸುತ್ತ ಬಂದು ನಿಂತಳು. ಸುತ್ತಿಗೆ ನಡುಗಿತು. ನಾಲ್ವರೂ ಉಸಿರು ಬಿಗಿಹಿಡಿದೆವು. ಗೂಡ್ಸು ಗಾಡಿಯೊಂದು ಹಾದುಹೋಗುತ್ತಿದ್ದದ್ದು ದೂರದಿಂದ ಕೇಳಿಸಿತು. ಒಂದು ಮಾರು ದೂರದ ಗಂಟೆ ಕೇಳಿಸಲಿಲ್ಲ. ಮುಚ್ಚಳಕ್ಕೆ ಕಿವಿಯಿಟ್ಟರೆ ಮಾತ್ರ ಜೇಡ ನಡೆದಂಥ ಒಂದು ಕ್ಷೀಣ ಗಿರಿಗಿರಿ. ನಾನು ನಲ್ಲಿಯನ್ನು ಮೆಲ್ಲಗೆ ತಿರುಗಿಸಿದೆ. ಗಾಳಿ ಹೊಕ್ಕಂತೆಲ್ಲ ಗಂಟೆ ಎಲ್ಲಿಂದಲೋ ನಡೆದುಕೊಂಡು ಬರುವಂತೆ ಹತ್ತಿರ ಹತ್ತಿರ ಬಂದು, ಪಡಸಾಲೆ ತುಂಬ ಮೊಳಗಿತು. ನನ್ನಾಕೆ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದದ್ದು ಆ ತಿಂಗಳಲ್ಲಿ ಅದೇ ಮೊದಲು.

ನನ್ನ ಪಂಪು ತೆಗೆದ ಮೇಲೆಯೂ ಕುಕ್ಕರಿನಲ್ಲಿ ಶೂನ್ಯವಿಲ್ಲ. ಸಾವಿರದಲ್ಲಿ ಒಂದು ಪಾಲು ಗಾಳಿ ಉಳಿದಿದ್ದರೂ ಒಂದು ಘನ ಸೆಂಟಿಮೀಟರಿನಲ್ಲಿರುವ ಅಣುಗಳ ಲೆಕ್ಕಕ್ಕೆ ಕೋಟಿಯನ್ನು ಕೋಟಿಯಿಂದ ಗುಣಿಸಿದರೂ ಸಾಲದು. ಬೆಂಗಳೂರಿನಲ್ಲಿ ಇಸ್ರೋದವರು ಉಪಗ್ರಹಗಳನ್ನು ಮೇಲಕ್ಕೆ ಕಳಿಸುವ ಮುನ್ನ ದೊಡ್ಡ ನಿರ್ವಾತ ಕೋಣೆಗಳಲ್ಲಿಟ್ಟು, ಕಾಯಿಸಿ ತಣಿಸಿ ಪರೀಕ್ಷಿಸುತ್ತಾರೆ. ನನ್ನ ಕುಕ್ಕರು ಆ ಮನೆತನದ ಬಡ ನೆಂಟ. ಅಲ್ಲಿಯೂ ಪೂರ್ತಿ ಶೂನ್ಯವಿಲ್ಲ. ನಮ್ಮ ಶರಣರು ಬಯಲು ಬಯಲೆಂದು ಅದನ್ನು ಎಷ್ಟು ಕಷ್ಟದ ವಸ್ತುವೆಂದು ತಿಳಿದಿದ್ದರೋ ಅಷ್ಟೇ ಕಷ್ಟ ಅದು ಪಂಪಿಗೂ.

ಹುಡುಗಿ ನೋಟುಪುಸ್ತಕ ತೆಗೆದು, "ಗಂಟೆಯ ಸದ್ದು ಬಹಳ ಕಡಿಮೆಯಾಯಿತು, ಕಿವಿ ಇಟ್ಟರೆ ಸ್ವಲ್ಪ ಕೇಳಿಸಿತು," ಎಂದು ಬರೆದಳು. ಬರೆದು ನನ್ನ ಮುಖ ನೋಡಿದಳು. "ಪರೀಕ್ಷೆಯಲ್ಲಿ ಏನು ಬರೀಲಿ ತಾತ? ಕೇಳಿಸುವುದಿಲ್ಲ ಅಂತ ಬರೀಬೇಕು ಅಂತಾರೆ."

ನಾನೂ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು. ಯಾವ ಪದಕ್ಕೆ ಅರ್ಧ ಅಂಕವೆಂದು ಬಲ್ಲೆ. "ಗಾಳಿಯಿಲ್ಲದ ಕಡೆ ಸದ್ದು ಹರಿಯುವುದಿಲ್ಲ ಎಂದು ಬರಿ, ಅದು ನಿಜ," ಎಂದೆ. "ಅದರ ಕೆಳಗೆ ನೀನು ಕೇಳಿಸಿಕೊಂಡದ್ದನ್ನೂ ಬರಿ. ಯಾರಾದರೂ ಅರ್ಧ ಅಂಕ ಕಳೆದರೆ ಕಳೆಯಲಿ."

"ಅರ್ಧ ಅಂಕ ಹೋದ್ರೆ ಹೋಗಲಿ ಬಿಡವ್ವ," ಎಂದು ಅವರಪ್ಪ ಪೈಪು ಸುತ್ತತೊಡಗಿದ. ಹುಡುಗಿಗೆ ಸಮಾಧಾನವಾದಂತೆ ಕಾಣಲಿಲ್ಲ. ನೋಟುಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದು, "ನೀವು ಇದನ್ನ ಮೊದಲು ಎಷ್ಟು ಸಲ ನೋಡಿದೀರಾ ತಾತ?" ಎಂದಳು.

"ಇದೇ ಮೊದಲು," ಎಂದೆ.